ಅಭಿರುಚಿ ಕೆಟ್ಟಿತೆಂದು ಗೋಳಾಡುವ ಹಾಡುಗಾರ ಮಹಾಶಯರಿಗೆ

ನಮ್ಮ ಜಿಲ್ಲೆಯಲ್ಲಿ ಈಚೆಗೆ ಹೊಸದೊಂದು ಭಜನೆ ಹುಟ್ಟಿಕೊಂಡಿದೆ. ಅದಕ್ಕೆ ರಾಗವಿಲ್ಲ, ತಾಳವಿಲ್ಲ, ಚರಣವೂ ಇಲ್ಲ, ಇರುವುದು ಪಲ್ಲವಿಯೊಂದೇ. "ಜನರ ಅಭಿರುಚಿ ಕೆಟ್ಟುಹೋಯಿತು!" ಶಿವಮೊಗ್ಗದ ಸಭಾಭವನವಿರಲಿ, ಸಾಗರದ ಶಾಲೆಯ ಅಂಗಳವಿರಲಿ, ತೀರ್ಥಹಳ್ಳಿಯ ರಾಜ್ಯೋತ್ಸವದ ಪೆಂಡಾಲಿರಲಿ, ಹಿರಿಯ ಹಾಡುಗಾರರೊಬ್ಬರನ್ನು ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯಿತ್ತು, ಮೈಕು ಕೈಗೆ ಕೊಟ್ಟರೆ ಸಾಕು, ಹಾಡಿಗಿಂತ ಮೊದಲು ಈ ಭಜನೆ ಬರುತ್ತದೆ. ಹಿಂದೆ ಸಾಹಿತ್ಯವಿತ್ತಂತೆ, ಈಗ ಬರೀ ಸದ್ದಂತೆ. ಹಿಂದೆ ಕೇಳುವ ಕಿವಿಯಿತ್ತಂತೆ, ಈಗ ಕುಣಿಯುವ ಕಾಲಷ್ಟೇ ಉಳಿದಿದೆಯಂತೆ. ಸಭಿಕರು ತಲೆದೂಗುತ್ತಾರೆ. ತಲೆದೂಗುವ ತಲೆಗಳೆಲ್ಲ ನೆರೆತವೇ. ಹುಡುಗರು ಹೊರಗೆ ಚಹಾ ಕುಡಿಯುತ್ತ ನಿಂತಿರುತ್ತಾರೆ.

ಈ ಭಜನೆಯನ್ನು ನಾನು ವಿರೋಧಿಸುತ್ತೇನೆ. ಹೊರಗಿನವನಾಗಿ ಅಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಹಾಡುಗಾರರ ಹಿಂದೆ ನಿಂತು ಪಲ್ಲವಿಗೆ ದನಿಗೂಡಿಸಿದವನು ನಾನು; ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಗ್ಗ ಹಾಕಿ ಬಿಗಿದು, ಮಳೆ ಬಂದರೆ ನನ್ನ ಕಂಬಳಿಯನ್ನೇ ಅದಕ್ಕೆ ಹೊದಿಸಿದವನು. ಆಗ ಕಪ್ಪು ಎರಡರ ಶ್ರುತಿಯಲ್ಲಿ ಹಾಡುತ್ತಿದ್ದವನು ಈಗ ಬಿಳಿ ಒಂದಕ್ಕೆ ಇಳಿದಿದ್ದೇನೆ. ಶಾಲು ನನಗೂ ಎರಡು ಬಂದಿವೆ. ಈ ಭಜನೆಯಲ್ಲಿ ನಾನೂ ಕೆಲವು ವರ್ಷ ತಾಳ ಹಾಕಿದೆ. ಆದ್ದರಿಂದ ಇದು ಸುಳ್ಳೆಂದು ಹೇಳುವ ಹಕ್ಕು ನನಗೆ ಉಂಟು.

ನಮ್ಮ ಹಾಡು ಯಾವುದೆಂಬುದನ್ನು ಹೊಸಬರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಒಂದು ಕಡೆ ಸಭೆಗಳ ಶಾಸ್ತ್ರೀಯ ಸಂಗೀತ. ಇನ್ನೊಂದು ಕಡೆ ಟಾಕೀಸಿನ ಸಿನಿಮಾ ಹಾಡು. ಇವೆರಡರ ನಡುವೆ ಕವಿಗಳ ಪದ್ಯವನ್ನು, ದಾಸರ ಮತ್ತು ತತ್ತ್ವಪದಕಾರರ ಪದವನ್ನು, ಹೋರಾಟದ ಹಾಡನ್ನು ಹಿಡಿದುಕೊಂಡು ಹೊರಟ ಮೂರನೆಯ ದಾರಿಯೊಂದಿತ್ತು. ಸುಗಮ ಸಂಗೀತವೆಂದರು, ಭಾವಗೀತೆಯೆಂದರು, ಕ್ರಾಂತಿಗೀತೆಯೆಂದರು. ಹೆಸರು ಬೇರೆಯಾದರೂ ಪೆಟ್ಟಿಗೆ ಒಂದೇ, ತಬಲಾ ಒಂದೇ, ಬಹಳ ಸಲ ಹಾಡುವವರೂ ಅವರೇ. ಆ ದಾರಿಯಲ್ಲಿ ನಡೆದವರಿಗೆಲ್ಲ ಈಗ ವಯಸ್ಸಾಗಿದೆ. ಇಷ್ಟೇ ವಿಷಯ.

ನನ್ನ ಕಣ್ಣು ತೆರೆದದ್ದು ಹೊನ್ನೆಮರಡಿನಲ್ಲಿ. ಸಾಗರದಿಂದ ತಾಳಗುಪ್ಪದ ಕಡೆ ಹೋಗಿ ಒಳದಾರಿ ಹಿಡಿದರೆ ಶರಾವತಿಯ ಹಿನ್ನೀರಿನ ದಂಡೆಯ ಮೇಲೆ ಸಿಕ್ಕುವ ಜಾಗ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಎಷ್ಟೋ ಊರುಗಳು, ಗದ್ದೆಗಳು, ಮನೆಗಳು ಅಡಿಗೆ ಹೋದವು. ಎದ್ದು ಹೋದವರ ಬವಣೆ ಇಂದಿಗೂ ಮುಗಿದಿಲ್ಲ. ಈಗ ಆ ನೀರಿನ ಮೇಲೆ ಬೆಂಗಳೂರಿನ ಹುಡುಗ ಹುಡುಗಿಯರು ಬಂದು ದೋಣಿಗೆ ಹುಟ್ಟು ಹಾಕುವುದನ್ನೂ ಈಜುವುದನ್ನೂ ಕಲಿಯುತ್ತಾರೆ. ಒಂದು ಚಳಿಗಾಲ, ತಾಳಗುಪ್ಪದ ಕಡೆಯ ಮದುವೆ ಮುಗಿಸಿಕೊಂಡು ನಾನೂ ನನ್ನ ಹಳೆಯ ಹಾರ್ಮೋನಿಯಂ ಮಿತ್ರನೂ ಅಲ್ಲಿ ಹೋಗಿ ಕೂತಿದ್ದೆವು. ಸಂಜೆ ಕತ್ತಲಾಗುತ್ತಿತ್ತು. ಸ್ವಲ್ಪ ದೂರದಲ್ಲಿ ಏಳೆಂಟು ಮಂದಿ ಹುಡುಗರು ಗಿಟಾರು ಹಿಡಿದು ಕೋಡಗನನ್ನು ನುಂಗುವ ಕೋಳಿಯ ತತ್ತ್ವಪದವನ್ನು ಹಾಡತೊಡಗಿದರು. ಶಿಶುನಾಳ ಶರೀಫರದು. ನಮಗೆ ಗೊತ್ತಿದ್ದ ಮಟ್ಟಲ್ಲ. ತಾಳ ಎಲ್ಲೋ ಕುಂಟಿ, ಎಲ್ಲೋ ಓಡಿ, ನಡುವೆ ಒಬ್ಬ ಬಾಯಲ್ಲೇ ಡೋಲು ಬಾರಿಸುತ್ತಿದ್ದ.

ನನ್ನ ಮಿತ್ರನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, "ಎಂತ ಹಾಡ್ತೀರಿ ಮಾರಾಯ್ರಾ! ಅಶ್ವತ್ಥರು ಹಾಡಿದ್ದು ಹೀಗಲ್ಲ" ಎಂದ.

ಹುಡುಗರು ಮರ್ಯಾದೆಯಿಂದಲೇ ನಿಲ್ಲಿಸಿದರು. ಅವರಲ್ಲೊಬ್ಬ ಹುಡುಗಿ, ವ್ಯಂಗ್ಯವಿಲ್ಲದೆ, ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳಿದಳು: "ಶರೀಫಜ್ಜ ಹೇಗೆ ಹಾಡಿದ್ರು ಅಂಕಲ್?"

ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಶರೀಫರು ತೀರಿಕೊಂಡದ್ದು 1889ರಲ್ಲಿ. ಗ್ರಾಮಫೋನಿನವರು ಭಾರತಕ್ಕೆ ಬಂದು ಮೊದಲ ಹಾಡು ಹಿಡಿದದ್ದು 1902ರಲ್ಲಿ. ಶರೀಫರ ದನಿಯನ್ನು ಕೇಳಿದವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. ಅವರ ಪದಗಳನ್ನು ಊರೂರ ಭಜನೆಯ ಮಂದಿ ಏಕತಾರಿ, ದಮ್ಮಡಿ, ತಾಳ ಹಿಡಿದು ಬಾಯಿಂದ ಬಾಯಿಗೆ ದಾಟಿಸಿದರು. ಆಮೇಲೆ ನಮ್ಮ ಅಶ್ವತ್ಥರು, ನಮ್ಮ ಶಿವಮೊಗ್ಗ ಸುಬ್ಬಣ್ಣನವರು ಅವನ್ನು ಎತ್ತಿಕೊಂಡು, ಮಟ್ಟು ಕಟ್ಟಿ, ಕೊಳಲು ಪಿಟೀಲು ಸೇರಿಸಿ ನಾಡಿಗೆಲ್ಲ ಹಂಚಿದರು. 1990ರಲ್ಲಿ ಬಂದ 'ಸಂತ ಶಿಶುನಾಳ ಶರೀಫ' ಚಿತ್ರದಿಂದ ಅದು ಮನೆಮನೆಗೂ ಹೋಯಿತು. ಆ ದಿನ ಯಾವುದೋ ಹಳ್ಳಿಯ ಭಜನೆಯ ಮುದುಕನೊಬ್ಬ, "ಇದೆಂಥ ಮಟ್ಟು? ನಮ್ಮ ಗುರುಗಳು ಹೇಳಿದ್ದು ಹೀಗಲ್ಲ" ಎಂದು ಗೊಣಗಿರಲಾರನೇ? ಅವನ ಗೊಣಗಾಟಕ್ಕೆ ನಾವು ಕಿವಿಗೊಟ್ಟೆವೇ? ನಮಗೆ ಆಗ ಪುರುಸೊತ್ತಿರಲಿಲ್ಲ. ಕ್ಯಾಸೆಟ್ಟು ತಿರುಗುತ್ತಿತ್ತು.

ಅಭಿರುಚಿ ಕೆಟ್ಟಿತೆಂಬ ಗೋಳು ಇಂದು ನಿನ್ನೆಯದಲ್ಲ ಎಂಬುದಕ್ಕೆ ಸಾಕ್ಷಿ ಬೇಕೆ? ನಾವು ಇಂದು ಪೂಜೆ ಮಾಡುವ ಹಾರ್ಮೋನಿಯಂ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅದು ಪರದೇಶದಿಂದ ಬಂದದ್ದು, ಅದರಲ್ಲಿ ಗಮಕ ನುಡಿಯುವುದಿಲ್ಲ, ನಮ್ಮ ಸ್ವರಗಳನ್ನು ಕೆಡಿಸುತ್ತದೆ ಎಂದು ಪಂಡಿತರು ತೀರ್ಪಿತ್ತರು. ಅದನ್ನು ನಂಬಿ ಆಕಾಶವಾಣಿಯವರು 1940ರಿಂದ 1971ರವರೆಗೆ ಮೂವತ್ತು ವರ್ಷಕ್ಕೂ ಮೇಲೆ ಹಾರ್ಮೋನಿಯಂಗೆ ಬಾಗಿಲು ಹಾಕಿದ್ದರು. ರಾಷ್ಟ್ರವೇ ಸ್ವತಂತ್ರವಾಯಿತು, ಪೆಟ್ಟಿಗೆಗೆ ಮಾತ್ರ ಬಿಡುಗಡೆಯಿಲ್ಲ! ಇಂದು ಗಿಟಾರು ಕಂಡರೆ ಮುಖ ಸಿಂಡರಿಸುವ ಹಿರಿಯರು ಇದನ್ನು ನೆನಪಿನಲ್ಲಿಡಬೇಕು.

ಇನ್ನೊಂದು. 1952ರಲ್ಲಿ ವಾರ್ತಾ ಮಂತ್ರಿಗಳಾಗಿದ್ದ ಬಿ. ವಿ. ಕೇಸ್ಕರ್ ಎಂಬ ಮಹನೀಯರು, ಸಿನಿಮಾ ಹಾಡಿನಿಂದ ಜನರ ಅಭಿರುಚಿ ಕೆಡುತ್ತಿದೆಯೆಂದು ರೇಡಿಯೋದಿಂದ ಅದನ್ನು ಹೊರದೂಡಿದರು. ಜನ ಏನು ಮಾಡಿದರು? ಅಭಿರುಚಿ ತಿದ್ದಿಕೊಂಡು ಆಲಾಪನೆ ಕೇಳುತ್ತ ಕೂತರೇ? ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಬೀಡಿ ಅಂಗಡಿಯಲ್ಲೂ ಕ್ಷೌರದಂಗಡಿಯಲ್ಲೂ ಸಿಲೋನೇ ಹಾಡಿತು. ಕೊನೆಗೆ 1957ರಲ್ಲಿ ಸರ್ಕಾರವೇ ಸೋತು 'ವಿವಿಧ ಭಾರತಿ'ಯನ್ನು ಆರಂಭಿಸಬೇಕಾಯಿತು. ಅಭಿರುಚಿಯನ್ನು ಮಂತ್ರಿಗಳ ಹುಕುಮಿನಿಂದ ತಿದ್ದಲು ಆಗಲಿಲ್ಲ. ಶಾಲು ಹೊದ್ದವರ ಶಾಪದಿಂದ ಆಗುತ್ತದೆಯೇ?

ನಮ್ಮ ಮೂರನೆಯ ದಾರಿಯನ್ನು ಕಡಿದವರೂ ಅಂದಿನ ಹುಡುಗರೇ. ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಾಂಡೇಶ್ವರ ಕಾಳಿಂಗರಾಯರು ಕವಿಗಳ ಪದ್ಯವನ್ನು ಎತ್ತಿಕೊಂಡು ಬಯಲಿನಲ್ಲಿ ನಿಂತು ಹಾಡಿದಾಗ, ಅದು ಶಾಸ್ತ್ರೀಯವೂ ಅಲ್ಲ, ಗಮಕವೂ ಅಲ್ಲ, ನಾಟಕದ್ದೂ ಅಲ್ಲ. ಎಲ್ಲಿಂದ ಬೇಕೋ ಅಲ್ಲಿಂದ ಮಟ್ಟು ತಂದು ಕೂಡಿಸಿದರು. ಆಮೇಲೆ ಮೈಸೂರು ಅನಂತಸ್ವಾಮಿಯವರು ಬಂದರು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಹೊರಬಿತ್ತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದು. ಆ ಪದ್ಯ ಬರೆದ ನಿಸಾರ್ ಅಹಮದರು ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಆ ಹಾಡು ಶುರುವಾಗುವುದೇ ಹೊನ್ನೆಮರಡಿನ ನೆರೆಯ ಜೋಗದ ಹೆಸರಿನಿಂದ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಅದು ಮೊಳಗಿದಾಗ ನಮಗೆಲ್ಲ ಎಂಥ ಹೆಮ್ಮೆ! ಆ ಹೊತ್ತಿನಲ್ಲೇ ಕಂಪನಿ ನಾಟಕಗಳ ಡೇರೆಗಳು ಒಂದೊಂದಾಗಿ ಮಡಚುತ್ತಿದ್ದವು. ಮೈಕಿಲ್ಲದೆ ನಾಲ್ಕಾಣೆಯ ಕೊನೆಯ ಸಾಲಿಗೆ ದನಿ ಮುಟ್ಟಿಸುತ್ತಿದ್ದ ನಟರು, ಕಾಲಿನಿಂದ ತಿದಿಯೊತ್ತಿ ರಾತ್ರಿಯಿಡೀ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದ ಮೇಷ್ಟ್ರುಗಳು ಬೀದಿಗೆ ಬಿದ್ದರು. ಅವರಿಗಾಗಿ ನಾವು ಒಂದು ಹನಿ ಕಣ್ಣೀರು ಹಾಕಿದ ನೆನಪು ನನಗಿಲ್ಲ. "ಹಳೆಯ ಕಂಪನಿ ದನಿ, ಗಂಟಲು ಹರಿದುಕೊಳ್ಳುತ್ತಾರೆ" ಎಂದು ನಕ್ಕಿದ್ದೇವೆ. ನಾನೇ ನಕ್ಕಿದ್ದೇನೆ.

ಈಗ ಗಿರಣಿಯ ಗೆಳೆಯರು ಒಂದು ಮಾತು ಕೇಳಬಹುದು: "ಹಾಗಾದರೆ ಹಳಬರಿಗೆ ಆಗಿರುವುದೆಲ್ಲ ನ್ಯಾಯವೇ? ಕಾಲ ಬದಲಾಯಿತು, ಮೂಲೆಗೆ ಹೋಗಿ ಎನ್ನುತ್ತೀಯಾ?"

ಅಲ್ಲ. ನೂರು ಸಲ ಅಲ್ಲ. ಹಳಬರಿಗೆ ಅನ್ಯಾಯವಾಗಿದೆ. ಆದರೆ ಅನ್ಯಾಯ ಮಾಡಿದವರು ಹೊನ್ನೆಮರಡಿನ ಹುಡುಗರಲ್ಲ. ಕಳ್ಳನನ್ನು ಬಿಟ್ಟು ದಾರಿಹೋಕನನ್ನು ಹಿಡಿದು ಬಡಿಯುವುದಕ್ಕೆ ನನ್ನ ತಕರಾರು.

ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕೆಲಸ ಕಳೆದುಕೊಂಡ ಕಾರ್ಮಿಕನಿಗೆ, "ಜನರಿಗೆ ಕಾಗದದ ಮೇಲಿನ ಅಭಿರುಚಿ ಹೋಯಿತಪ್ಪಾ, ಏನು ಮಾಡೋಣ" ಎಂದು ಯಾರಾದರೂ ಹೇಳಿದ್ದರೆ ಅವನು ಬಿಡುತ್ತಿದ್ದನೇ? ಬಂಡವಾಳ ಎಲ್ಲಿ ಹೋಯಿತು, ಯಂತ್ರ ಏಕೆ ಹೊಸದು ಬರಲಿಲ್ಲ, ಆಡಳಿತ ಏನು ಮಾಡುತ್ತಿತ್ತು ಎಂದು ಕೇಳುತ್ತಾನೆ. ಹಾಡುಗಾರ ಮಾತ್ರ ಇದಾವುದನ್ನೂ ಕೇಳುವುದಿಲ್ಲ. ಕೇಳುಗನ ಕಿವಿಯನ್ನು ಬಯ್ಯುತ್ತಾನೆ. ಗಾಂಧಿ ಬಜಾರಿನ ಅಂಗಡಿಕಾರರನ್ನು ಕೇಳಿ ನೋಡಿ: ಗಿರಾಕಿಗೆ ಬೈದು ಅಂಗಡಿ ನಡೆಸಿದವರುಂಟೇ? ಕ್ಯಾಸೆಟ್ಟು ಮಾರುತ್ತಿದ್ದವನು ಸಿ.ಡಿ. ಇಟ್ಟ, ಆಮೇಲೆ ಮೊಬೈಲಿನ ಚೀಟಿಗೆ ಹಾಡು ತುಂಬಿಕೊಟ್ಟ, ಈಗ ಮೊಬೈಲಿನ ಗಾಜು ಬದಲಾಯಿಸುತ್ತಾನೆ. ಅವನ ಹೊಟ್ಟೆಗೆ ಹೊಡೆದದ್ದು ಗಿರಾಕಿಯ ಕಿವಿಯಲ್ಲವೆಂದು ಅವನಿಗೆ ಗೊತ್ತು.

ಹಾಡುಗಾರನ ಹೊಟ್ಟೆಗೆ ಹೊಡೆದದ್ದು ಏನು? ಅದರ ಹೆಸರು 'ಟ್ರ್ಯಾಕು'.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಸುಗಮ ಸಂಗೀತದ ಕಾರ್ಯಕ್ರಮವೆಂದರೆ ವೇದಿಕೆಯ ಮೇಲೆ ಐದಾರು ಜನ. ಹಾಡುವವರು ಇಬ್ಬರು; ಹಾರ್ಮೋನಿಯಂ, ತಬಲಾ, ಕೊಳಲು, ಗೆಜ್ಜೆ ಕಂಜಿರ ಹಿಡಿದವನೊಬ್ಬ. ಬಂದ ಹಣ ಎಷ್ಟೇ ಕಡಿಮೆಯಿರಲಿ, ಐದಾರು ಪಾಲಾಗುತ್ತಿತ್ತು. ಈಗ ಪಕ್ಕವಾದ್ಯವನ್ನೆಲ್ಲ ಮೊದಲೇ ಎಲ್ಲೋ ಒಂದು ಕೋಣೆಯಲ್ಲಿ ಮುದ್ರಿಸಿಟ್ಟಿರುತ್ತಾರೆ. ಮೈಕಿನ ಹುಡುಗ ಮೊಬೈಲಿನಲ್ಲಿ ಗುಂಡಿ ಒತ್ತುತ್ತಾನೆ, ವಾದ್ಯವೆಲ್ಲ ಪೆಟ್ಟಿಗೆಯಿಂದ ಹೊರಡುತ್ತದೆ, ಹಾಡುವವನು ಅದರ ಹಿಂದೆ ಓಡಬೇಕು. ಆರು ಕೂಲಿಯ ಜಾಗದಲ್ಲಿ ಒಂದು ಕೂಲಿ. ಕಾರ್ಖಾನೆಯಲ್ಲಿ ಇದಕ್ಕೆ ಏನೆನ್ನುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಮಿತ್ರನ ಪೆಟ್ಟಿಗೆಯ ಮೇಲೆ ಧೂಳು ಕೂತಿರುವುದು ಈ ಕಾರಣದಿಂದ. ತಬಲಾ ಬಾರಿಸುತ್ತಿದ್ದವನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ.

ಇಷ್ಟೇ ಆಗಿದ್ದರೆ ಹೊಸಬ ಹಳಬರಿಗೆಲ್ಲ ಸಮಾನ ಪೆಟ್ಟು. ಆದರೆ ಟ್ರ್ಯಾಕು ಮುದುಕರಿಗೆ ಇನ್ನೂ ಕ್ರೂರ. ವಯಸ್ಸಾದಂತೆ ಶ್ರುತಿ ಇಳಿಯುತ್ತದೆ, ಉಸಿರು ಗಿಡ್ಡವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಹಾಡುವವನ ಮುಖ ನೋಡಿಯೇ ಒಂದು ಮನೆ ಕೆಳಗೆ ಹಿಡಿಯುತ್ತಿದ್ದರು. ಚರಣದ ಕೊನೆಯಲ್ಲಿ ದಮ್ಮು ಸಾಲದಿದ್ದರೆ ತಬಲಾದವನು ಒಂದು ಆವರ್ತ ತುಂಬಿಕೊಡುತ್ತಿದ್ದ, ಕೊಳಲಿನವನು ನಾಲ್ಕು ಸ್ವರ ಎಳೆದು ಕಾಯುತ್ತಿದ್ದ. ಕೇಳುವವನಿಗೆ ಗೊತ್ತೇ ಆಗುತ್ತಿರಲಿಲ್ಲ. ಟ್ರ್ಯಾಕು ಕಾಯುವುದಿಲ್ಲ. ಅದು ನಲವತ್ತು ವರ್ಷದ ಹಿಂದೆ ಯಾರೋ ಹಾಡಿದ ಶ್ರುತಿಯಲ್ಲಿ, ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಶ್ರುತಿ ಇಳಿಸುವ ಗುಂಡಿಯೂ ಮೊಬೈಲಿನಲ್ಲಿ ಉಂಟಂತೆ. ಮೈಕಿನ ಹುಡುಗನಿಗೆ ಅದನ್ನು ಹುಡುಕಲು ಪುರುಸೊತ್ತಿಲ್ಲ. ಹೋದ ವರ್ಷ ಒಂದು ಉತ್ಸವದಲ್ಲಿ ಎಪ್ಪತ್ತು ದಾಟಿದ ಹಾಡುಗಾರ್ತಿಯೊಬ್ಬರು, ತಾವೇ ಸಾವಿರ ಸಲ ಹಾಡಿದ ಹಾಡಿನ ಮೇಲಿನ ಷಡ್ಜ ಮುಟ್ಟಲಾರದೆ ನಡುವೆ ನಿಂತುಬಿಟ್ಟರು. ವಾದ್ಯ ಮಾತ್ರ ಹಾಡುತ್ತಲೇ ಇತ್ತು. ಕೆಳಗೆ ಕೂತವರು ಚಪ್ಪಾಳೆ ತಟ್ಟಿದರು, ಮರ್ಯಾದೆಗೆ. ಅವರು ಇಳಿದು ಬಂದು ನನ್ನ ಪಕ್ಕದಲ್ಲಿ ಕೂತು, "ಜನಕ್ಕೆ ಈಗ ನಮ್ಮ ಹಾಡು ಬೇಡ" ಎಂದರು.

ತಾಯೀ, ಜನ ನಿಮ್ಮನ್ನು ಬೇಡವೆನ್ನಲಿಲ್ಲ. ಐದು ಜನರ ಕೂಲಿ ಉಳಿಸಿದ ಗುತ್ತಿಗೆದಾರ ನಿಮ್ಮ ಕತ್ತು ಹಿಡಿದು ಮೇಲಿನ ಷಡ್ಜಕ್ಕೆ ಎತ್ತಿದ. ಅಷ್ಟೇ.

ಆ ಉತ್ಸವದ ವ್ಯವಸ್ಥೆ ಹೇಗಿತ್ತೆಂಬುದನ್ನೂ ನೋಡಿ. ಜಿಲ್ಲೆಯ ಹಾಡುಗಾರರಿಗೆ ಸಂಜೆ ಐದು ಗಂಟೆ, ಬಿಸಿಲು ಮುಖಕ್ಕೆ ಹೊಡೆಯುವ ಹೊತ್ತು. ಮುಂದೆ ಖಾಲಿ ಕುರ್ಚಿಗಳು, ಕುರ್ಚಿ ಜೋಡಿಸುವ ಆಳುಗಳು. ಬೆಂಗಳೂರಿನಿಂದ ಬರುವ ಸಿನಿಮಾದವರಿಗೆ ರಾತ್ರಿ ಒಂಬತ್ತು ಗಂಟೆ. ಅವರ ಜೊತೆ ದೀಪ, ಹೊಗೆ, ಪರದೆ, ಪೊಲೀಸು. ಈ ಅಂತರವನ್ನು ನಿಶ್ಚಯಿಸಿದವರು ಯಾರು? ಕುರ್ಚಿಯ ಮೇಲೆ ಬಂದು ಕೂರುವ ಹುಡುಗನೇ? ಅವನನ್ನು ಯಾರಾದರೂ ಕೇಳಿದರೇ? ಮೊದಲು ಹಾಡನ್ನು ಜನರಿಂದ ದೂರವಿಡುವುದು, ಆಮೇಲೆ ಜನ ದೂರವಾದರೆಂದು ಮರುಗುವುದು!

ಎದೆ ತುಂಬಿ ಹಾಡುವ ಮಾತನ್ನೇ ಹೆಸರಾಗಿಸಿಕೊಂಡ ದೂರದರ್ಶನ ಸ್ಪರ್ಧೆಯೊಂದು ಎಷ್ಟೋ ವರ್ಷ ಮನೆಮನೆಯಲ್ಲಿ ನಡೆಯಿತು. ಆ ಮಾತು ನಮ್ಮ ಜಿಲ್ಲೆಯ ಈಸೂರಿನಲ್ಲಿ ಹುಟ್ಟಿದ ಜಿ. ಎಸ್. ಶಿವರುದ್ರಪ್ಪನವರ ಪದ್ಯದಿಂದ ಬಂದದ್ದು. ಅಂದು ಹಾಡಿದವನು ಇಂದೂ ಹಾಡುವ, ಕೇಳುವವರ ಲೆಕ್ಕ ಇಡದೆ ಹಾಡುವ ಪದ್ಯ ಅದು. ಹೆಸರು ಅಲ್ಲಿಂದ, ಹಾಡುಗಳು ಬಹುಪಾಲು ಸಿನಿಮಾದವು. ಅಂಗಡಿಗೆ ನಮ್ಮ ಬೋರ್ಡು, ಒಳಗೆ ಅವರ ಸರಕು.

ಇಲ್ಲಿ ಇನ್ನೊಂದು ಕಹಿ ಸತ್ಯವನ್ನೂ ಹೇಳಿಬಿಡಬೇಕು. ಈ ಹಾಡು ತನ್ನವರ ಹೊಟ್ಟೆಯನ್ನು ಎಂದೂ ತುಂಬಲಿಲ್ಲ. ಅಶ್ವತ್ಥರು ಇಪ್ಪತ್ತೇಳು ವರ್ಷ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ಹೊಸನಗರ ತಾಲೂಕಿನ ನಗರದಲ್ಲಿ ಹುಟ್ಟಿದ ಸುಬ್ಬಣ್ಣನವರು ವಕೀಲರು. 'ಕಾಡು ಕುದುರೆ'ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಹಿನ್ನೆಲೆ ಗಾಯಕರಾದವರ ಕಥೆಯೂ ಇದೇ. 2005ರಲ್ಲಿ ಅಶ್ವತ್ಥರು 'ಕನ್ನಡವೇ ಸತ್ಯ'ವೆಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಜನ ಲಕ್ಷಕ್ಕೂ ಮೇಲೆ ಸೇರಿದರು. ಆಗ ಅವರಿಗೆ ಅರವತ್ತೈದು ವರ್ಷ. ಅರವತ್ತೈದರ ಮುದುಕನ ಹಾಡಿಗೆ ಲಕ್ಷ ಜನ! ಅಭಿರುಚಿ ಎಲ್ಲಿ ಕೆಟ್ಟಿತ್ತು ಸ್ವಾಮೀ? 2009ರಲ್ಲಿ ಅವರು ಹೋದರು, 2022ರಲ್ಲಿ ಸುಬ್ಬಣ್ಣನವರೂ ಹೋದರು. ಅವರಿಗೆ ಬೇರೆ ವೃತ್ತಿಯಿತ್ತು, ಹೆಸರಿತ್ತು. ಹೆಸರಿಲ್ಲದ ತಬಲಾದವನಿಗೆ, ಕೊಳಲಿನವನಿಗೆ ಇದ್ದದ್ದು ಆ ರಾತ್ರಿಯ ಪಾಲು ಮಾತ್ರ. ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನ ಉಂಟು. ಅರ್ಜಿ ಬರೆದು, ಕಲಾವಿದನೆಂದು ಸಾಬೀತು ಮಾಡಲು ಹಳೆಯ ಕರಪತ್ರ, ಫೋಟೋ ಹುಡುಕಿ, ಕಚೇರಿಯಿಂದ ಕಚೇರಿಗೆ ತಿರುಗಬಲ್ಲ ಕಾಲುಗಳಿರಬೇಕು. ಹಿನ್ನೆಲೆಯಲ್ಲಿ ಕೂತವನ ಹೆಸರನ್ನು ಕರಪತ್ರದಲ್ಲಿ ಯಾರು ಹಾಕಿದ್ದರು?

ಹೋರಾಟದ ಹಾಡಿನವರ ಸಂಗತಿ ಬೇರೆ, ಅದನ್ನು ಹೇಳುವಾಗ ಬಯ್ಯಬೇಕಾದವರು ನಾವೇ. ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಕಾಲ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದೇ ವರ್ಷ 'ಸಮುದಾಯ' ಹುಟ್ಟಿತು. 1980ರಲ್ಲಿ ನಮ್ಮ ಜಿಲ್ಲೆಯಲ್ಲೇ ರೈತ ಸಂಘ ಎದ್ದಿತು. ತಮಟೆಯೊಂದಿದ್ದರೆ ಸಾಕು, ಕಾರ್ಖಾನೆಯ ಗೇಟಿನ ಮುಂದೆ ಹಾಡು. ಪಾಳಿ ಬದಲಾಗುವ ಹೊತ್ತಿಗೆ ಸೈಕಲ್ಲು ಹಿಡಿದು ಹೊರಬಂದವರು ನಿಂತು ಕೇಳುತ್ತಿದ್ದರು, ಎರಡನೆಯ ಸಲಕ್ಕೆ ಅವರೇ ಹಾಡುತ್ತಿದ್ದರು. ಆ ಹಾಡುಗಳಿಗೆ ಈಗ ಮುಪ್ಪು ಬಂದಿದೆಯೆನ್ನುತ್ತಾರೆ. ಹಾಡಿಗಲ್ಲ, ಸಭೆಗೆ ಬಂದಿದೆ. ಸಂಘಟನೆಗಳು ಒಡೆದು ಹೋಳಾದವು. ಗೇಟಿನ ಮುಂದೆ ನಿಲ್ಲುವವರಿಲ್ಲ; ಗೇಟೇ ಮುಚ್ಚಿದ ಕಡೆಯೂ ಉಂಟು. ಸಭೆಯಿಲ್ಲದ ಮೇಲೆ ಸಭೆಯ ಹಾಡು ಎಲ್ಲಿ ಹೋಗಬೇಕು? ವಿಚಾರ ಸಂಕಿರಣದ ಆರಂಭದಲ್ಲಿ, ದೀಪ ಹಚ್ಚುವುದಕ್ಕೂ ಸ್ವಾಗತ ಭಾಷಣಕ್ಕೂ ನಡುವಿನ ಐದು ನಿಮಿಷಕ್ಕೆ ಹೋಯಿತು. ಹಸಿವಿನ ಹಾಡು ಊಟದ ಮೊದಲಿನ ಉಪ್ಪಿನಕಾಯಿಯಾಯಿತು. ಇದಕ್ಕೆ ಹುಡುಗರನ್ನು ಬಯ್ಯುವುದು ಯಾವ ನ್ಯಾಯ?

ಹುಡುಗರು ಸುಮ್ಮನೆ ಕೂತಿಲ್ಲ. 2018ರ ಜನವರಿಯಲ್ಲಿ ಚೆನ್ನೈನಲ್ಲಿ, ಜಾತಿಯನ್ನು ಧಿಕ್ಕರಿಸುವ ಹೆಸರನ್ನೇ ಇಟ್ಟುಕೊಂಡು ಒಂದು ಹಾಡಿನ ತಂಡ ವೇದಿಕೆ ಏರಿತು. ಅಲ್ಲಿನ ಕೊಳೆಗೇರಿಯ ಗಾನಾ ಹಾಡು, ಪರೆ ವಾದ್ಯ, ಗಿಟಾರು, ಮಾತಿನ ಓಟದ ರ್‍ಯಾಪು ಎಲ್ಲ ಸೇರಿಸಿ ಮೀಸಲಾತಿಯ ಬಗ್ಗೆ, ಮಲ ಹೊರುವವರ ಬಗ್ಗೆ ಹಾಡಿದರು. ನಮ್ಮಲ್ಲಿ ರಘು ದೀಕ್ಷಿತರು 2008ರಲ್ಲಿ ಶರೀಫರ ಗುಡುಗುಡಿಯ ಪದವನ್ನು ಗಿಟಾರಿಗೆ ಹಾಕಿ ಹೊರತಂದಾಗ ನನ್ನ ವಯಸ್ಸಿನವರು ಕಿವಿ ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಆದರೆ ಹೊನ್ನೆಮರಡಿನ ಆ ಹುಡುಗರು ಶರೀಫರ ಹತ್ತಿರ ಬಂದದ್ದು ಈ ಸೇತುವೆಯ ಮೇಲಿಂದಲೇ, ನಮ್ಮ ಶಾಲಿನ ಸಭೆಯಿಂದ ಅಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿದೆ.

ಹೊಸದೆಲ್ಲ ಚಿನ್ನವೆಂದು ನಾನು ಹೇಳುವವನಲ್ಲ. ಕೂದಲಿಗೆ ಕಪ್ಪು ಬಳಿದುಕೊಂಡು ಹುಡುಗರ ಬೆನ್ನು ತಟ್ಟುತ್ತ ಸ್ಪರ್ಧೆಗಳ ತೀರ್ಪುಗಾರರಾಗುವ ಹಿರಿಯರೂ ಉಂಟು. ಅವರ ಸಾಲಿಗೆ ನಾನು ಸೇರಲಾರೆ. ಕವಿಯ ಹೆಸರು ಹೇಳದೆ ಪದ್ಯ ಹಾಡುವ ಹುಡುಗರನ್ನು ನಿಲ್ಲಿಸಿ ಕೇಳಬೇಕು. ಅರ್ಥವಾಗದ ಪದವನ್ನು ನುಂಗಿ ಹಾಡುವವರನ್ನು ತಿದ್ದಬೇಕು. ವಿಮರ್ಶೆ ಬೇಡವೆಂದು ಯಾರು ಹೇಳಿದರು? ಆದರೆ ಯಾವುದನ್ನು ವಿಮರ್ಶಿಸಬೇಕೆಂಬ ವಿವೇಕ ಬೇಕು. ಅಮೆರಿಕದಲ್ಲಿ ಪೀಟ್ ಸೀಗರ್ ಎಂಬ ಹಾಡುಗಾರ ಇದ್ದ, 1919ರಿಂದ 2014ರವರೆಗೆ ಬದುಕಿದ. ಗೆದ್ದೇ ಗೆಲ್ಲ‌ುವ ಭರವಸೆಯ ಆ ಹಾಡನ್ನು, ನಾವೂ ಕನ್ನಡಕ್ಕೆ ತಂದುಕೊಂಡು ಮೇ ದಿನ ಹಾಡುವುದನ್ನು, ನಾಡಿನುದ್ದಕ್ಕೂ ಹರಡಿದವರಲ್ಲಿ ಅವನೊಬ್ಬ. ಕಾರ್ಮಿಕ ಸಂಘಗಳಿಗಾಗಿ ಹಾಡಿ ಸರ್ಕಾರದ ಕಣ್ಣು ಕೆಂಪಾಗಿಸಿದವ. 1965ರಲ್ಲಿ ನ್ಯೂಪೋರ್ಟಿನ ಜಾನಪದ ಮೇಳದಲ್ಲಿ ಯುವಕ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸೀಗರ್ ಕೋಪದಿಂದ ಕೆಂಡವಾದ. ಕೊಡಲಿ ತೆಗೆದುಕೊಂಡು ತಂತಿ ಕಡಿಯಲು ಹೊರಟನೆಂದೇ ಕಥೆ ಹಬ್ಬಿತು. ಆಮೇಲೆ ಅವನೇ ವಿವರಿಸಿದ: ವಿದ್ಯುತ್ತಿನ ಮೇಲೆ ತನಗೆ ಸಿಟ್ಟಿರಲಿಲ್ಲ, ಧ್ವನಿವರ್ಧಕ ಕೆಟ್ಟದಾಗಿ ಹಾಡಿನ ಮಾತೇ ಕೇಳಿಸದಂತಾಯಿತು, ಅದಕ್ಕೆ ಸಿಟ್ಟು ಬಂತು ಎಂದು. ನಮ್ಮ ಹಿರಿಯರು ಹಿಡಿಯಬೇಕಾದ ತಕ್ಕಡಿ ಇದು. ಮಾತು ಕೇಳಿಸುತ್ತದೆಯೇ? ಯಾರ ಮಾತು? ಗಿಟಾರೋ ಪೆಟ್ಟಿಗೆಯೋ ಆಮೇಲಿನ ವಿಚಾರ.

ಹೊನ್ನೆಮರಡಿನ ಸುತ್ತಿನ ಹಳ್ಳಿಗಳಲ್ಲಿ, ಹೊಸನಗರ ತೀರ್ಥಹಳ್ಳಿಯ ಕಡೆಯೂ, ದೀಪಾವಳಿಗೆ ಅಂಟಿಗೆ ಪಂಟಿಗೆ ಹೊರಡುತ್ತದೆ. ದೀಪ ಆರದಂತೆ ಕಾಪಾಡಿಕೊಂಡು, ರಾತ್ರಿಯಿಡೀ ಗದ್ದೆಯಂಚು ಗುಡ್ಡ ದಾಟಿ, ಮನೆಮನೆಯ ಬಾಗಿಲಲ್ಲಿ ನಿಂತು ಹಾಡುತ್ತಾರೆ. ಮುಂದಿನವರು ಎತ್ತಿದ ಸಾಲನ್ನು ಹಿಂದಿನವರು ಹಿಡಿದುಕೊಳ್ಳುತ್ತಾರೆ. ಹುಡುಗ ಮೊದಲ ವರ್ಷ ಎಣ್ಣೆಯ ಪಾತ್ರೆ, ಅಕ್ಕಿಯ ಚೀಲ ಹೊರುತ್ತಾನೆ, ಹೊರುತ್ತ ಕೇಳುತ್ತಾನೆ, ನಾಲ್ಕು ವರ್ಷಕ್ಕೆ ಹಿಂದಿನ ಸಾಲಿಗೆ ಬರುತ್ತಾನೆ. ಮುದುಕನ ದನಿ ಕುಂದಿದರೆ ಸಾಲು ಎತ್ತಿಕೊಡುವ ಕೆಲಸ ಅವನಿಗೆ, ಎಳೆದು ಹಾಡುವ ಕೆಲಸ ಹುಡುಗರಿಗೆ. ಅಲ್ಲಿ ಮುದುಕನಿಗೆ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ. ಕೆಲಸ ಕೊಟ್ಟದ್ದನ್ನು ಕಂಡಿದ್ದೇನೆ. ಈಗ ಆ ತಂಡಗಳೂ ಕಡಿಮೆಯಾಗುತ್ತಿವೆ, ನಿಜ. ಹುಡುಗರು ಬೆಂಗಳೂರಿನಲ್ಲಿದ್ದಾರೆ, ಹಬ್ಬಕ್ಕೆ ಎರಡು ದಿನ ರಜೆ, ಅದರಲ್ಲೊಂದು ದಿನ ಬಸ್ಸಿನಲ್ಲಿ. ಇಲ್ಲಿಯೂ ಅಭಿರುಚಿಯ ಮಾತೆತ್ತುವವರು ದಯಮಾಡಿ ಆ ಹುಡುಗನ ರಜೆಯ ಚೀಟಿಯನ್ನು ಒಮ್ಮೆ ನೋಡಬೇಕು.

ಅಂದು ರಾತ್ರಿ ಹಿನ್ನೀರಿನ ದಂಡೆಯಲ್ಲಿ ನನ್ನ ಮಿತ್ರ ಬೆಂಕಿಯ ಪಕ್ಕ ಕೂತು, ಪೆಟ್ಟಿಗೆಯಿಲ್ಲದೆಯೇ, ತನಗೆ ಗೊತ್ತಿದ್ದ ಮಟ್ಟನ್ನು ಹೇಳಿಕೊಟ್ಟ. ಹುಡುಗಿ ಗಿಟಾರಿನ ಕಿವಿ ತಿರುಪಿ ಅವನ ಶ್ರುತಿಗೆ ಇಳಿಸಿದಳು. ಮೈಕಿನವರು ಎಂದೂ ಮಾಡದ ಕೆಲಸ ಅದು. ಎರಡು ಮಟ್ಟಿನಲ್ಲೂ ಹಾಡಿದರು. ಅವರದ್ದು ಈಗಲೂ ನನಗೆ ಪೂರ್ತಿ ಹಿಡಿಸಿಲ್ಲ. ಮೂರನೆಯ ಚರಣದ ಅರ್ಥ ಕೇಳಿದರು. ನಮಗೂ ಸರಿಯಾಗಿ ಹೇಳಲಾಗಲಿಲ್ಲ.

ಇನ್ನು ಕೆಲಸದ ಮಾತು. ಸರ್ಕಾರದ ಉತ್ಸವಗಳಲ್ಲಿ ಟ್ರ್ಯಾಕು ನಿಲ್ಲಿಸುವುದು ನಾಳೆಗೇ ಆಗುವ ಸಂಗತಿಯಲ್ಲ, ಅದಕ್ಕೆ ಬೇರೆ ಹೋರಾಟ ಬೇಕು. ಆದರೆ ನಮ್ಮ ಸಂಘಗಳ ಸಭೆ, ನಮ್ಮ ವರ್ತಕರ ಸಂಘಗಳ ರಾಜ್ಯೋತ್ಸವ, ನಮ್ಮ ಬೀದಿಗಳ ಗಣಪತಿ ನಮ್ಮ ಕೈಯಲ್ಲೇ ಇವೆಯಲ್ಲ? ಅಲ್ಲಿ ಟ್ರ್ಯಾಕು ಕೂಡದು. ಹಾಡುವವರನ್ನು ಕರೆಯುವ ಸಮಿತಿಯವರು ತಬಲಾ, ಹಾರ್ಮೋನಿಯಂನವರ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಶಾಮಿಯಾನ ಹಾಕಿಸಲಿ. ಹಣ ಸಾಲದಿದ್ದರೆ ಶಾಮಿಯಾನ ಬೇಡ, ಶಾಲಂತೂ ಬೇಡವೇ ಬೇಡ. ಕರಪತ್ರದಲ್ಲಿ ಪಕ್ಕವಾದ್ಯದವರ ಹೆಸರನ್ನು ಅಚ್ಚು ಹಾಕಿಸಲಿ; ನಾಳೆ ಮಾಸಾಶನದ ಅರ್ಜಿಗೆ ಅದು ಬೇಕಾಗುತ್ತದೆ. ಹಿರಿಯರನ್ನು ಕರೆದರೆ ಹುಡುಗರ ಜೊತೆ ಒಂದೇ ಚಾಪೆಯ ಮೇಲೆ ಕೂರಿಸಿ, ಅವರ ಶ್ರುತಿಗೆ, ಅರ್ಧ ಗಂಟೆ ಹಾಡಿಸಲಿ. ಬರುವ ಮೇ ದಿನ ಭದ್ರಾವತಿಯ ಸಭೆಗೆ ನಾನೂ ನನ್ನ ಮಿತ್ರನೂ ಬರುತ್ತೇವೆ. ಪೆಟ್ಟಿಗೆಯ ತಿದಿ ಹರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ. ತಬಲಾದವನಿಗೆ ಅಡಿಕೆ ಮಂಡಿಯಿಂದ ಒಂದು ದಿನದ ರಜೆ ಕೊಡಿಸಬೇಕು. ಮಂಡಿಯ ಮಾಲೀಕರು ಈ ಪತ್ರಿಕೆಯನ್ನು ಓದುವವರೇ.